ನಕ್ಷತ್ರ ಹುಟ್ಟೋದ್ರಿಂದ ಜೀವ ಚಿಗುರೋವರೆಗಿನ ಕಥೆನ ಎರಡು ರಾತ್ರೀಲಿ ಕಣ್ಣಾರೆ ನೋಡೋದು ಹೇಗೆ

ಒಂದು ನಕ್ಷತ್ರ ಹುಟ್ಟಿ, ಬೆಳೆದು, ಸಾಯೋದನ್ನ ಯಾರೂ ಕೂತು ನೋಡೋಕಾಗಲ್ಲ. ಸೂರ್ಯನಂಥ ನಕ್ಷತ್ರದ ಆಯಸ್ಸೇ ಸುಮಾರು 1000 ಕೋಟಿ ವರ್ಷ. ಆದ್ರೆ ಗೊತ್ತಿಲ್ಲದ ಊರಿಗೆ ಒಂದೇ ದಿನ ಹೋಗಿ ಬಂದ್ರೂ ಅಲ್ಲಿ ತೊಟ್ಟಿಲಲ್ಲಿರೋ ಕೂಸು, ಓಡಾಡೋ ಮಕ್ಕಳು, ದುಡಿಯೋ ವಯಸ್ಸಿನವರು, ಕೋಲೂರಿಕೊಂಡು ಕೂತ ಅಜ್ಜ ಎಲ್ರೂ ಒಟ್ಟಿಗೇ ಕಣ್ಣಿಗೆ ಬೀಳ್ತಾರಲ್ಲ, ಒಬ್ಬರನ್ನೇ ಎಪ್ಪತ್ತು ವರ್ಷ ಹಿಂಬಾಲಿಸದೇನೇ ಮನುಷ್ಯ ಹೇಗೆ ಬೆಳೀತಾನೆ ಅಂತ ಅರ್ಥ ಆಗುತ್ತೆ. ಆಕಾಶಾನೂ ಅಂಥದ್ದೇ ಒಂದು ಊರು. ಎಲ್ಲಾ ವಯಸ್ಸಿನವರೂ ಅಲ್ಲಿದಾರೆ, ಅದೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ರಾತ್ರಿ ಕಾಣೋ ಒಂದೇ ಒಂದು ತುಂಡು ಆಕಾಶದಲ್ಲಿ ಹೆಚ್ಚುಕಮ್ಮಿ ಸಾಲಾಗಿ ಕೂತಿದಾರೆ. ಅದಕ್ಕೇ ನಾನು ಯಾರಿಗಾದ್ರೂ ಈ ವಿಷಯ ಹೇಳ್ಕೊಡುವಾಗ ಪುಸ್ತಕದ ಚಿತ್ರ ತೆಗೆಯಲ್ಲ, ಮೊದಲು ಹೊರಗೆ ಕರ್ಕೊಂಡು ಹೋಗ್ತೀನಿ.

ಬೇಕಾಗಿರೋದು ಎರಡು ರಾತ್ರಿ. ಒಂದು ಅಮಾವಾಸ್ಯೆ ಆಸುಪಾಸಿನದು, ಯಾಕಂದ್ರೆ ಮಸುಕಾದ ವಸ್ತುಗಳಿಗೆ ಚಂದ್ರನ ಬೆಳಕೇ ದೊಡ್ಡ ಶತ್ರು. ಇನ್ನೊಂದು ಅದಾಗಿ ಏಳು ದಿನಕ್ಕೆ, ಚಂದ್ರ ಅರ್ಧ ಆಗಿರುವಾಗ. ಸಾಮಾನು ಅಂದ್ರೆ ಒಂದು ಸಾಧಾರಣ ಬೈನಾಕ್ಯುಲರ್ ಸಾಕು, ಅದರ ಮೇಲೆ 7x50 ಅಥವಾ 10x50 ಅಂತ ಬರೆದಿದ್ರೆ ತುಂಬಾ ಒಳ್ಳೇದು. ಟೆಲಿಸ್ಕೋಪ್ ಇಲ್ಲ ಅಂತ ಬೇಜಾರು ಮಾಡ್ಕೋಬೇಡಿ, ಈ ಕಥೆಗೆ ಅಗಲವಾಗಿ ನೋಡೋದೇ ಮುಖ್ಯ. ಕತ್ತಲಿಗೆ ಕಣ್ಣು ಹೊಂದಿಕೊಳ್ಳೋಕೆ 20ರಿಂದ 30 ನಿಮಿಷ ಬೇಕು, ಅಷ್ಟು ಹೊತ್ತು ಮೊಬೈಲ್ ಸ್ಕ್ರೀನ್ ನೋಡಲೇಬೇಡಿ, ಒಂದು ಸಲ ನೋಡಿದ್ರೂ ಮತ್ತೆ ಮೊದಲಿಂದ ಕಾಯ್ಬೇಕು. ಬೆಳಕು ಬೇಕೇ ಬೇಕು ಅಂದ್ರೆ ಟಾರ್ಚ್‌ಗೆ ಕೆಂಪು ಪ್ಲಾಸ್ಟಿಕ್ ಹಾಳೆ ಸುತ್ಕೊಳ್ಳಿ. ಬೈನಾಕ್ಯುಲರ್ ಹಿಡಿದ ಕೈ ನಡುಗುತ್ತೆ, ಹಾಗಾಗಿ ಗೋಡೆಗೆ ಮೊಣಕೈ ಊರಿ, ಇಲ್ಲಾ ನೆಲದ ಮೇಲೆ ಅಂಗಾತ ಮಲ್ಕೊಂಡು ನೋಡಿ.

ಮೊದಲ ರಾತ್ರಿ, ಮೂರು ನಕ್ಷತ್ರದಿಂದ ಶುರು

ಒಂದೇ ಸಾಲಲ್ಲಿ, ಸಮ ಅಂತರದಲ್ಲಿ, ಒಂದೇ ಹೊಳಪಿನ ಮೂರು ನಕ್ಷತ್ರ ಹುಡುಕಿ. ಅದು ಮಹಾವ್ಯಾಧ ಅಂದ್ರೆ ಓರಿಯನ್‌ನ ನಡುಪಟ್ಟಿ, ಆಕಾಶದಲ್ಲಿ ಇಷ್ಟು ಸುಲಭವಾಗಿ ಸಿಗೋದು ಇನ್ನೊಂದಿಲ್ಲ. ಪಟ್ಟಿಯ ಒಂದು ಬದಿಗೆ ಕೆಂಪಗೆ ಒಂದು ದಪ್ಪ ನಕ್ಷತ್ರ ಇದೆ, ಅದು ಆರ್ದ್ರೆ, ಇಂಗ್ಲಿಷ್ ಹೆಸರು ಬೀಟಲ್‌ಜೂಸ್. ಇನ್ನೊಂದು ಬದಿಗೆ ನೀಲಿ ಬಿಳುಪಿನ ರೈಜೆಲ್. ಈಗ ಪಟ್ಟಿಯ ಸಾಲನ್ನೇ ಒಂದು ಕಡೆಗೆ ನೇರವಾಗಿ ಎಳೆದ್ರೆ ಆಕಾಶದಲ್ಲೇ ಅತಿ ಹೊಳೆಯೋ ಲುಬ್ಧಕ ಸಿಗುತ್ತೆ, ಇನ್ನೊಂದು ಕಡೆಗೆ ಎಳೆದ್ರೆ ಕಿತ್ತಳೆ ಬಣ್ಣದ ರೋಹಿಣಿ, ಅದನ್ನೂ ದಾಟಿ ಹೋದ್ರೆ ಪುಟ್ಟ ಗೊಂಚಲು ಕೃತ್ತಿಕೆ. ನಾವು ನೋಡ್ಬೇಕಾಗಿರೋದು ಬಹುಮಟ್ಟಿಗೆ ಈ ಒಂದೇ ಗೆರೆ ಮೇಲಿದೆ, ಹಾಗಾಗಿ ಇದನ್ನ ಎರಡು ಮೂರು ಸಲ ಬರಿಗಣ್ಣಲ್ಲಿ ಹೋಗಿ ಬಂದು ರೂಢಿ ಮಾಡ್ಕೊಳ್ಳಿ.

ಈಗ ನಕ್ಷತ್ರಗಳನ್ನ ಬಿಟ್ಟು ಅವುಗಳ ನಡುವಿನ ಕಪ್ಪು ಜಾಗ ನೋಡಿ. ಅಲ್ಲಿ ಏನೂ ಇಲ್ಲ ಅನ್ಸುತ್ತೆ, ಆದ್ರೆ ಈ ಇಡೀ ಓರಿಯನ್ ಆಕಾರದ ಹಿಂದೆ ನೂರಾರು ಜ್ಯೋತಿರ್ವರ್ಷ ಹರಡಿರೋ ತಣ್ಣನೆಯ ಮೋಡಗಳಿವೆ, ಅವು ರೇಡಿಯೋ ದೂರದರ್ಶಕಕ್ಕೆ ಕಾಣ್ತವೆ, ಕಣ್ಣಿಗಲ್ಲ. ನಡುಪಟ್ಟಿಯ ಲುಬ್ಧಕದ ಕಡೆಯ ತುದಿ ನಕ್ಷತ್ರದ ಹತ್ರಾನೇ ಕುದುರೆ ತಲೆ ಆಕಾರದ ಒಂದು ಕಪ್ಪು ಮೋಡ ಇದೆ, 1888ರಲ್ಲಿ ಹಾರ್ವರ್ಡ್‌ನ ಫೋಟೋ ಪ್ಲೇಟ್ ನೋಡ್ತಾ ವಿಲಿಯಮಿನಾ ಫ್ಲೆಮಿಂಗ್ ಅನ್ನೋ ಹೆಣ್ಣುಮಗಳು ಅದನ್ನ ಗುರುತಿಸಿದ್ರು. ನಿಮ್ಮ ಬೈನಾಕ್ಯುಲರ್‌ಗೆ ಅದು ಸಿಗಲ್ಲ, ಅಲ್ಲಿದೆ ಅಂತ ಗೊತ್ತಿದ್ರೆ ಸಾಕು. ನಕ್ಷತ್ರದ ಹಿಟ್ಟು ಕಲಸೋದು ಇಂಥ ಕತ್ತಲೆ ಮೋಡದೊಳಗೇನೆ.

ಮೋಡ ಅಂದ್ರೆ ಮಳೆ ಮೋಡದ ಥರ ದಟ್ಟ ಅಂದ್ಕೋಬೇಡಿ. ನಾವು ಉಸಿರಾಡೋ ಗಾಳೀಲಿ ಒಂದು ಘನ ಸೆಂಟಿಮೀಟರ್‌ಗೆ 1ರ ಮುಂದೆ 19 ಸೊನ್ನೆ ಹಾಕಿದಷ್ಟು ಅಣುಗಳಿವೆ, ಈ ಮೋಡದಲ್ಲಿ ಅದೇ ಜಾಗದಲ್ಲಿ ಕೆಲವು ನೂರೋ ಸಾವಿರವೋ, ಅಷ್ಟೇ. ನಾವು ಪ್ರಯೋಗಶಾಲೆಯಲ್ಲಿ ನಿರ್ವಾತ ಅಂತ ಕರೆಯೋದಕ್ಕಿಂತಲೂ ಖಾಲಿ. ಆದ್ರೆ ಜಾಗ ಎಷ್ಟು ದೊಡ್ಡದು ಅಂದ್ರೆ ಒಟ್ಟು ಸೇರಿಸಿದ್ರೆ ಸಾವಿರಾರು ಸೂರ್ಯರಿಗಾಗೋಷ್ಟು ಸಾಮಗ್ರಿ ಇದೆ, ಬಹುಪಾಲು ಹೈಡ್ರೋಜನ್, ಮಿಕ್ಕಿದ್ರಲ್ಲಿ ಹೆಚ್ಚಿನದು ಹೀಲಿಯಂ, ನೂರಕ್ಕೆ ಒಂದು ಪಾಲು ಮಾತ್ರ ಧೂಳು. ಈ ಒಂದು ಪಾಲನ್ನ ನೆನಪಿಟ್ಕೊಳ್ಳಿ, ಮುಂದೆ ಭೂಮಿ ಆಗೋದು ಅದೇ.

ಇಲ್ಲಿ ಮುಖ್ಯವಾದ ಮಾತು ಚಳಿ. ಮೋಡ ಹತ್ರತ್ರ ಮೈನಸ್ 260 ಡಿಗ್ರಿಯಲ್ಲಿದೆ. ಅನಿಲ ಬಿಸಿ ಇದ್ರೆ ಅಣುಗಳು ಓಡಾಡ್ತಾ ಹೊರಗೆ ತಳ್ತವೆ, ಗುರುತ್ವ ಒಳಗೆ ಎಳೀತಾ ಇರುತ್ತೆ, ಯಾರು ಗೆಲ್ತಾರೆ ಅನ್ನೋದ್ರ ಮೇಲೇ ನಕ್ಷತ್ರ ಹುಟ್ಟೋದು ಬಿಡೋದು ನಿಂತಿದೆ. ಈ ಲೆಕ್ಕಾನ 1902ರಲ್ಲಿ ಜೇಮ್ಸ್ ಜೀನ್ಸ್ ಹಾಕಿ ತೋರಿಸಿದ್ರು, ಒಂದು ತುಂಡು ಮೋಡ ಸಾಕಷ್ಟು ಭಾರ ಇದ್ದು ಸಾಕಷ್ಟು ತಣ್ಣಗಿದ್ರೆ ಅದು ತನ್ನ ಭಾರಕ್ಕೆ ತಾನೇ ಕುಸಿಯೋಕೆ ಶುರುವಾಗುತ್ತೆ. ನನಗೆ ಇದು ಯಾವಾಗ್ಲೂ ಆಶ್ಚರ್ಯ ಅನ್ಸುತ್ತೆ, ಕೋಟಿ ಡಿಗ್ರಿ ಬಿಸಿ ಇರೋ ಒಲೆ ಹೊತ್ಕೊಳ್ಳೋಕೆ ಮೊದಲು ಬೇಕಾಗೋದು ಇಷ್ಟು ಚಳಿ.

ತೊಟ್ಟಿಲು

ನಡುಪಟ್ಟಿಯಿಂದ ರೈಜೆಲ್ ಇರೋ ಕಡೆಗೆ ಮೂರು ಸಣ್ಣ ನಕ್ಷತ್ರ ಇಳಿಬಿದ್ದ ಹಾಗಿವೆ ನೋಡಿ, ಅದು ವ್ಯಾಧನ ಕತ್ತಿ. ಅದರ ನಡುವಿನದಕ್ಕೆ ಬೈನಾಕ್ಯುಲರ್ ಹಿಡಿರಿ. ಅದು ನಕ್ಷತ್ರ ಅಲ್ಲ, ಮಸುಕು ಮಸುಕಾದ ಹೊಗೆ. ಎಷ್ಟೋ ಜನ ಲೆನ್ಸ್ ಮಂಜಾಗಿದೆ ಅಂದ್ಕೊಂಡು ಒರೆಸ್ತಾರೆ, ಒರೆಸಿದ್ರೂ ಹೋಗಲ್ಲ. ಅದನ್ನೇ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ, ಕಣ್ಣಿನ ಅಂಚು ಮಸುಕು ಬೆಳಕನ್ನ ಚೆನ್ನಾಗಿ ಹಿಡಿಯುತ್ತೆ, ಆಗ ಆ ಹೊಗೆ ರೆಕ್ಕೆ ಬಿಚ್ಚಿದ ಹಾಗೆ ಅಗಲ ಆಗುತ್ತೆ. ಫೋಟೋಗಳಲ್ಲಿರೋ ಗುಲಾಬಿ ಬಣ್ಣ ಕಾಣಲ್ಲ, ಬೂದು ಅಥವಾ ತೆಳು ಹಸಿರು ಅಷ್ಟೇ.

ನೀವು ನೋಡ್ತಾ ಇರೋದು ಸುಮಾರು 1300 ಜ್ಯೋತಿರ್ವರ್ಷ ದೂರದ ಓರಿಯನ್ ನೀಹಾರಿಕೆ, ಸುಮಾರು 24 ಜ್ಯೋತಿರ್ವರ್ಷ ಅಗಲ. ನಡುವೆ ಒತ್ತೊತ್ತಾಗಿ ಕೂತಿರೋ ಕೆಲವು ಭಾರೀ ನಕ್ಷತ್ರಗಳ ಅತಿನೇರಳೆ ಬೆಳಕಿಗೆ ಸುತ್ತಲಿನ ಅನಿಲ ಹೊಳೀತಿದೆ. ಇಲ್ಲಿನ ನಕ್ಷತ್ರಗಳ ವಯಸ್ಸು ಹತ್ತಿಪ್ಪತ್ತು ಲಕ್ಷ ವರ್ಷ, ಸೂರ್ಯನ 460 ಕೋಟಿ ವರ್ಷದ ಮುಂದೆ ಇವು ಇನ್ನೂ ಹೊಕ್ಕುಳ ಬಳ್ಳಿ ಬೀಳದ ಕೂಸುಗಳು. 1990ರ ದಶಕದಲ್ಲಿ ಹಬಲ್ ದೂರದರ್ಶಕ ಇಲ್ಲಿಗೆ ತಿರುಗಿದಾಗ ಒಂದೊಂದು ಕೂಸಿನ ಸುತ್ತಲೂ ಕಪ್ಪು ತಟ್ಟೆಯಂಥ ಧೂಳಿನ ಬಿಲ್ಲೆ ಕಂಡಿತು, ಈಗ ಅಂಥವು ನೂರಕ್ಕೂ ಹೆಚ್ಚು ಸಿಕ್ಕಿವೆ. ಗ್ರಹ ಆಗೋ ಸಾಮಾನು ಅದು. ಬೈನಾಕ್ಯುಲರ್ ಕೆಳಗಿಳಿಸೋಕೆ ಮುಂಚೆ ಒಂದು ನಿಮಿಷ ಹಾಗೇ ನೋಡ್ತಾ ಇರಿ, ಆ ಹೊಗೆಯೊಳಗೆ ಈಗ ಗ್ರಹಗಳು ಕಟ್ಟಿಕೊಳ್ತಾ ಇವೆ ಅನ್ನೋದನ್ನ ಮನಸ್ಸಿಗೆ ಇಳಿಸ್ಕೊಳ್ಳಿ. ನಾನು ಎಷ್ಟು ಸಲ ನೋಡಿದ್ರೂ ಈ ಒಂದು ನಿಮಿಷ ಮಾತ್ರ ಬಿಡಲ್ಲ.

ಮೋಡ ಕುಸಿದು ಉಂಡೆ ಆಗ್ಬೇಕಿತ್ತು, ತಟ್ಟೆ ಯಾಕಾಯ್ತು? ಇದನ್ನ ಮೈಮೇಲೇ ತಿಳ್ಕೋಬಹುದು. ಸುತ್ತೋ ಕುರ್ಚಿ ಮೇಲೆ ಕೂತು ಎರಡೂ ಕೈ ಚಾಚಿ, ಯಾರ ಹತ್ರಾದ್ರೂ ನಿಧಾನಕ್ಕೆ ತಿರುಗಿಸಿಸ್ಕೊಳ್ಳಿ, ಆಮೇಲೆ ಕೈಗಳನ್ನ ಎದೆಗೆ ಎಳ್ಕೊಳ್ಳಿ, ತಟ್ಟನೆ ವೇಗ ಜಾಸ್ತಿ ಆಗುತ್ತೆ. ಮೋಡಾನೂ ಮೊದಲು ತೀರಾ ನಿಧಾನಕ್ಕೆ ತಿರುಗ್ತಾ ಇರುತ್ತೆ, ಕುಗ್ಗಿದ ಹಾಗೆ ಜೋರಾಗುತ್ತೆ, ತಿರುಗೋ ಅಕ್ಷದ ಮೇಲೂ ಕೆಳಗೂ ಇರೋ ಸಾಮಗ್ರಿ ಸಲೀಸಾಗಿ ಬೀಳುತ್ತೆ, ಪಕ್ಕದಲ್ಲಿರೋದು ಮಾತ್ರ ತಿರುಗೋ ವೇಗದಿಂದಾಗಿ ಬೀಳೋಕಾಗದೆ ಸುತ್ತುತ್ತಾ ಉಳ್ಕೊಳ್ಳುತ್ತೆ. ಅದೇ ತಟ್ಟೆ. ಸೌರಮಂಡಲದ ಗ್ರಹಗಳೆಲ್ಲ ಹೆಚ್ಚುಕಮ್ಮಿ ಒಂದೇ ಸಮತಲದಲ್ಲಿ ಒಂದೇ ದಿಕ್ಕಿಗೆ ಸುತ್ತೋದಕ್ಕೆ ಇದೇ ಕಾರಣ, ಕಾಂಟ್ 1755ರಲ್ಲಿ, ಲಪ್ಲಾಸ್ 1796ರಲ್ಲಿ ಬರೀ ಯೋಚನೆ ಮಾಡೇ ಇದರ ಹತ್ರ ಹತ್ರ ಬಂದಿದ್ರು.

ತಟ್ಟೆಯ ನಡುವೆ ಬಿದ್ದಿದ್ದೆಲ್ಲ ಒತ್ತಿ ಒತ್ತಿ ಬಿಸಿಯಾಗಿ, ಒಳಗೆ ಒಂದು ಕೋಟಿ ಡಿಗ್ರಿ ಆಸುಪಾಸು ದಾಟಿದಾಗ ಹೈಡ್ರೋಜನ್ ಬೆಸೆದು ಹೀಲಿಯಂ ಆಗೋಕೆ ಶುರು. ಅಷ್ಟು ಭಾರ ಸಿಗದೆ ಹೋದ್ರೆ, ಅಂದ್ರೆ ಸೂರ್ಯನ ನೂರಕ್ಕೆ ಎಂಟು ಭಾಗಕ್ಕಿಂತ ಕಮ್ಮಿ ಇದ್ರೆ, ಈ ಒಲೆ ಹೊತ್ಕೊಳ್ಳೋದೇ ಇಲ್ಲ. ನಮ್ಮ ಸೂರ್ಯ ಈಗ ಪ್ರತಿ ಸೆಕೆಂಡ್‌ಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಬಳಸ್ತಾನೆ, ಅದರಲ್ಲಿ 40 ಲಕ್ಷ ಟನ್‌ನಷ್ಟು ಬೆಳಕಾಗಿ ಹೋಗುತ್ತೆ. ನಕ್ಷತ್ರಗಳು ಬಹುಪಾಲು ಹೈಡ್ರೋಜನ್ ಅಂತ ಗೊತ್ತಾಗಿದ್ದೇ 1925ರಲ್ಲಿ, ಸಿಸಿಲಿಯಾ ಪೇನ್ ಕಂಡುಹಿಡಿದ್ರು, ಅದಕ್ಕೆ ಅವರು ಬಳಸಿದ್ದು ಮೇಘನಾದ ಸಹಾ 1920ರಲ್ಲಿ ಕೊಟ್ಟ ಸಮೀಕರಣ.

ಧೂಳು ಗ್ರಹ ಆಗೋದು

ಈಗ ಗೆರೆ ಹಿಡಿದು ರೋಹಿಣಿಗೆ ಹೋಗಿ. ಕೈ ನೇರವಾಗಿ ಚಾಚಿ ಹೆಬ್ಬೆರಳು ಎತ್ತಿ ಹಿಡಿದ್ರೆ ಅದರ ಅಗಲ ಆಕಾಶದಲ್ಲಿ ಸುಮಾರು ಎರಡು ಡಿಗ್ರಿ. ರೋಹಿಣಿಯಿಂದ ಅಷ್ಟೇ ದೂರದಲ್ಲಿ ಎಚ್‌ಎಲ್ ಟೌರಿ ಅನ್ನೋ ನಕ್ಷತ್ರ ಇದೆ, ಬೈನಾಕ್ಯುಲರ್‌ಗೆ ಕಾಣಲ್ಲ, ಧೂಳಲ್ಲಿ ಮುಚ್ಚಿಹೋಗಿದೆ, ದೂರ ಸುಮಾರು 450 ಜ್ಯೋತಿರ್ವರ್ಷ, ವಯಸ್ಸು 10 ಲಕ್ಷ ವರ್ಷದ ಆಸುಪಾಸು. 2014ರಲ್ಲಿ ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿರೋ ಅಲ್ಮಾ ರೇಡಿಯೋ ದೂರದರ್ಶಕ ಇದರ ಚಿತ್ರ ತೆಗೀತು, ಹೊಳೆಯೋ ಉಂಗುರ, ಕಪ್ಪು ಸಂದು, ಮತ್ತೆ ಉಂಗುರ, ಮತ್ತೆ ಸಂದು. ಆ ಕಪ್ಪು ಸಂದುಗಳಲ್ಲಿ ಹುಟ್ತಾ ಇರೋ ಗ್ರಹಗಳು ದಾರಿ ಗುಡಿಸ್ತಾ ಇರಬಹುದು ಅಂತ ಹೆಚ್ಚಿನ ವಿಜ್ಞಾನಿಗಳು ಓದ್ತಾರೆ. ರಾತ್ರಿ ಮನೆಗೆ ಬಂದ ಮೇಲೆ ಆ ಚಿತ್ರ ತಪ್ಪದೆ ಹುಡುಕಿ ನೋಡಿ, ಇಷ್ಟು ಹೊತ್ತು ಖಾಲಿ ಅಂದ್ಕೊಂಡಿದ್ದ ಜಾಗದಲ್ಲಿ ಅದಿತ್ತು ಅನ್ನೋದು ಬೇರೆಯದೇ ಅನುಭವ.

ಧೂಳು ಅಂದ್ರೆ ಸಿಗರೇಟಿನ ಹೊಗೆಯ ಕಣದಷ್ಟು ಸಣ್ಣದು. ಅದು ಒಂದಕ್ಕೊಂದು ಹೇಗೆ ಅಂಟುತ್ತೆ ಅನ್ನೋದಕ್ಕೆ ತುಂಬಾ ಚಂದದ ಒಂದು ಪ್ರಯೋಗ ಇದೆ. 2003ರಲ್ಲಿ ಅಂತರಿಕ್ಷ ನಿಲ್ದಾಣದಲ್ಲಿದ್ದ ಡಾನ್ ಪೆಟಿಟ್ ಅನ್ನೋ ಗಗನಯಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಉಪ್ಪು, ಸಕ್ಕರೆ, ಕಾಫಿ ಪುಡಿಗಳನ್ನ ಬೇರೆ ಬೇರೆ ಹಾಕಿ ಅಲ್ಲಾಡಿಸಿ ಬಿಟ್ರು, ತೂಕ ಇಲ್ಲದ ಕಡೆ ತೇಲ್ತಾ ಇದ್ದ ಕಣಗಳು ಸೆಕೆಂಡ್‌ಗಳಲ್ಲೇ ಗುಂಪು ಗುಂಪಾಗಿ ಅಂಟ್ಕೊಂಡ್ವು, ಸ್ಥಿರವಿದ್ಯುತ್ತಿನ ಸೆಳೆತ ಅದು. ಹನಿ ಹನಿ ಗೂಡಿದ್ರೆ ಹಳ್ಳ ಅಂತೀವಲ್ಲ, ಕಣ ಕಣ ಗೂಡಿ ಬೆಣಚುಕಲ್ಲು. ಅಲ್ಲಿಂದ ಮುಂದೆ ಮಾತ್ರ ಕಷ್ಟದ ಹಾದಿ. ಒಂದು ಮೀಟರ್ ಗಾತ್ರಕ್ಕೆ ಬಂದ ಬಂಡೆಗಳು ಸುತ್ತಲಿನ ಅನಿಲದ ತಡೆಗೆ ವೇಗ ಕಳ್ಕೊಂಡು ಸುರುಳಿ ಸುತ್ತುತ್ತಾ ನಕ್ಷತ್ರಕ್ಕೇ ಬಿದ್ದುಬಿಡ್ಬೇಕು ಅಂತ ಲೆಕ್ಕ ಹೇಳುತ್ತೆ. ಇದನ್ನ ದಾಟೋ ದಾರಿ ಅಂತ ಈಗ ಹೆಚ್ಚು ಒಪ್ಪಿರೋದು ಏನಂದ್ರೆ, ಬೆಣಚುಕಲ್ಲುಗಳು ಅನಿಲದಲ್ಲಿ ಹಿಂಡು ಹಿಂಡಾಗಿ ಸೇರಿ, ಹಿಂಡು ದಟ್ಟ ಆದಾಗ ತನ್ನ ಗುರುತ್ವಕ್ಕೇ ಒಟ್ಟಿಗೆ ಕುಸಿದು ಒಮ್ಮೆಗೇ ಹತ್ತಾರು ಕಿಲೋಮೀಟರ್ ಗಾತ್ರದ ಗಡ್ಡೆ ಆಗುತ್ತೆ, ಮೀಟರ್ ಗಾತ್ರದಲ್ಲಿ ನಿಲ್ಲೋ ಪ್ರಮೇಯವೇ ಬರಲ್ಲ. ಆಮೇಲೆ ಗಡ್ಡೆ ಗಡ್ಡೆ ಡಿಕ್ಕಿ ಹೊಡೆದು ಗ್ರಹ.

ಯಾವ ಗ್ರಹ ಎಲ್ಲಿ ಆಗುತ್ತೆ ಅನ್ನೋದನ್ನ ನಿರ್ಧಾರ ಮಾಡೋದು ಬಿಸಿ. ನಕ್ಷತ್ರದ ಹತ್ರ ನೀರು ಆವಿಯಾಗೇ ಇರುತ್ತೆ, ಕಲ್ಲು ಕಬ್ಬಿಣ ಮಾತ್ರ ಗಟ್ಟಿ, ಹಾಗಾಗಿ ಸಾಮಾನು ಕಮ್ಮಿ, ಗ್ರಹಗಳೂ ಚಿಕ್ಕವು. ಒಂದು ಗೆರೆ ದಾಟಿದ ಮೇಲೆ ನೀರು ಮಂಜುಗಡ್ಡೆ ಆಗುತ್ತೆ, ಸೌರಮಂಡಲದಲ್ಲಿ ಆ ಗೆರೆ ಭೂಮಿ ಸೂರ್ಯನ ಅಂತರದ ಮೂರು ಪಟ್ಟಿನ ಆಸುಪಾಸಿನಲ್ಲಿತ್ತು, ಅದರಾಚೆ ಕಲ್ಲಿನ ಜೊತೆ ಮಂಜೂ ಸೇರಿ ಗುರು ಬೇಗ ದಪ್ಪ ಆದ, ಅನಿಲಾನೂ ಎಳ್ಕೊಂಡ, ಕೊನೆಗೆ 318 ಭೂಮಿಯಷ್ಟು ಭಾರ ಆದ. ಅವನಿಗೆ ಅವಸರ ಇತ್ತು, ಯಾಕಂದ್ರೆ ತಟ್ಟೆಯಲ್ಲಿ ಅನಿಲ ಇರೋದು ಕೆಲವೇ ಹತ್ತು ಲಕ್ಷ ವರ್ಷ, ಆಮೇಲೆ ನಕ್ಷತ್ರದ ಬೆಳಕೇ ಅದನ್ನ ಊದಿ ಓಡಿಸುತ್ತೆ. ಇದೆಲ್ಲ ಯಾವಾಗ ಶುರುವಾಯ್ತು ಅನ್ನೋದಕ್ಕೆ ಕೈಲಿ ಹಿಡಿಯೋ ಸಾಕ್ಷಿ ಇದೆ. 1969ರಲ್ಲಿ ಮೆಕ್ಸಿಕೋದಲ್ಲಿ ಬಿದ್ದ ಅಯೆಂದೆ ಉಲ್ಕಾಶಿಲೆಯಲ್ಲಿ ಬಿಳಿ ಬಿಳಿ ಚುಕ್ಕೆಗಳಿವೆ, ಅಂಥ ಚುಕ್ಕೆಗಳೇ ನಮ್ಮ ತಟ್ಟೆಯಲ್ಲಿ ಮೊದಲು ಗಟ್ಟಿಯಾದ ವಸ್ತು, ವಯಸ್ಸು ಸುಮಾರು 456.7 ಕೋಟಿ ವರ್ಷ.

ಹರೆಯ, ಮುಪ್ಪು, ಬೂದಿ

ಇನ್ನು ಬೇಗ ಬೇಗ ಹೋಗೋಣ. ಕೃತ್ತಿಕೆಗೆ ಬೈನಾಕ್ಯುಲರ್ ಹಿಡಿರಿ, ಬರಿಗಣ್ಣಿಗೆ ಆರೇಳು ಕಂಡಿದ್ದು ಈಗ ಹತ್ತಾರು ಆಗುತ್ತೆ. ಒಂದೇ ಮೋಡದಲ್ಲಿ ಹುಟ್ಟಿದ ಒಡಹುಟ್ಟಿದವರು ಇವರು, ವಯಸ್ಸು ಸುಮಾರು 10 ಕೋಟಿ ವರ್ಷ, ಇನ್ನೂ ಒಟ್ಟಿಗಿದಾರೆ. ಫೋಟೋಗಳಲ್ಲಿ ಇವರ ಸುತ್ತ ನೀಲಿ ಮಂಜು ಕಾಣುತ್ತಲ್ಲ, ಅದು ಹುಟ್ಟಿದ ಮೋಡದ ಉಳಿಕೆ ಅಂತ ತುಂಬಾ ಕಡೆ ಬರೀತಾರೆ, ಅಲ್ಲ, ಇವರು ದಾರಿಯಲ್ಲಿ ಹೋಗ್ತಾ ಹಾದು ಹೋಗ್ತಿರೋ ಬೇರೆ ಧೂಳು ಅದು. ರೋಹಿಣಿಯ ಪಕ್ಕದಲ್ಲಿ ವಿ ಆಕಾರದಲ್ಲಿ ಹರಡಿರೋ ಗುಂಪಿಗೆ ಸುಮಾರು 65 ಕೋಟಿ ವರ್ಷ, ಮನೆ ಮಕ್ಕಳು ಒಬ್ಬೊಬ್ಬರಾಗಿ ದೂರ ಹೋಗ್ತಿರೋ ವಯಸ್ಸು. ನಮ್ಮ ಸೂರ್ಯನ ಒಡಹುಟ್ಟಿದವರು ಹೀಗೇ ಯಾವತ್ತೋ ಚದುರಿ ಹೋದ್ರು.

ರೋಹಿಣಿ ಆ ಗುಂಪಿಗೆ ಸೇರಿಲ್ಲ, ಅದರ ಮುಂದೆ ಸುಮಾರು 65 ಜ್ಯೋತಿರ್ವರ್ಷದಲ್ಲೇ ಇದೆ. ತೂಕದಲ್ಲಿ ಸೂರ್ಯನಿಗಿಂತ ಸ್ವಲ್ಪವೇ ಜಾಸ್ತಿ, ಅಗಲದಲ್ಲಿ ಸುಮಾರು 45 ಪಟ್ಟು. ನಡುವಿನ ಹೈಡ್ರೋಜನ್ ಮುಗಿದು ಉಬ್ಬಿದೆ, ಸುಮಾರು 500 ಕೋಟಿ ವರ್ಷ ಆದ ಮೇಲೆ ನಮ್ಮ ಸೂರ್ಯನೂ ಹೀಗೇ. ಲುಬ್ಧಕದ ಕಡೆ ತಿರುಗಿ, ಅದರ ಹೊಳಪಲ್ಲಿ ಮರೆಯಾಗಿ ಒಂದು ಜೊತೆಗಾರ ನಕ್ಷತ್ರ ಇದೆ, 1862ರಲ್ಲಿ ಮೊದಲ ಸಲ ಕಂಡಿದ್ದು, ಭೂಮಿಯಷ್ಟೇ ಗಾತ್ರ, ಸೂರ್ಯನಷ್ಟು ತೂಕ. ಒಲೆ ಆರಿದ ಮೇಲೆ ಉಳಿಯೋ ಕೆಂಡ, ಶ್ವೇತಕುಬ್ಜ ಅಂತಾರೆ. ಅಂಥ ಕೆಂಡ ಸೂರ್ಯನ 1.4 ಪಟ್ಟಿಗಿಂತ ಭಾರ ಇರೋಕಾಗಲ್ಲ ಅನ್ನೋದು 1930ರಲ್ಲಿ ಹತ್ತೊಂಬತ್ತರ ಹುಡುಗ ಚಂದ್ರಶೇಖರ್ ಹಡಗಲ್ಲಿ ಹೋಗ್ತಾ ಶುರು ಮಾಡಿದ ಲೆಕ್ಕದಿಂದ ಬಂತು.

ಈಗ ಆರ್ದ್ರೆ. ಇದು ಸೂರ್ಯನಿಗಿಂತ ಹತ್ತು ಪಟ್ಟಿಗೂ ಹೆಚ್ಚು ಭಾರದ ನಕ್ಷತ್ರ, ಹುಟ್ಟಿ ಒಂದು ಕೋಟಿ ವರ್ಷದ ಆಸುಪಾಸು ಅಷ್ಟೇ, ಆಗ್ಲೇ ಮುದುಕ. ನಕ್ಷತ್ರ ಭಾರ ಆದಷ್ಟೂ ಆಯಸ್ಸು ಕಮ್ಮಿ, ಯಾಕಂದ್ರೆ ಒಳಗಿನ ಒತ್ತಡಕ್ಕೆ ಒಲೆ ಭರ್ರನೆ ಉರಿಯುತ್ತೆ. ಇದರ ಹೊಟ್ಟೇಲಿ ಇಂಗಾಲ, ಆಮ್ಲಜನಕ, ಹೀಗೆ ಒಂದರ ಮೇಲೊಂದು ತಯಾರಾಗಿ ಕೊನೆಗೆ ಕಬ್ಬಿಣಕ್ಕೆ ಬಂದು ನಿಲ್ಲುತ್ತೆ, ಕಬ್ಬಿಣ ಬೆಸೆದ್ರೆ ಶಾಖ ಸಿಗಲ್ಲ, ಒಲೆ ಆರುತ್ತೆ, ಕ್ಷಣದಲ್ಲಿ ನಡುಭಾಗ ಕುಸಿದು ಸೂಪರ್‌ನೋವಾ ಸಿಡಿಯುತ್ತೆ. ಸಿಡಿದ ಮೇಲೆ ಏನಾಗುತ್ತೆ ಅಂತ ನೋಡ್ಬೇಕಾ, ರೋಹಿಣಿ ಇರೋ ವೃಷಭ ರಾಶಿಯ ಎರಡು ಕೊಂಬಲ್ಲಿ ಓರಿಯನ್‌ಗೆ ಹತ್ತಿರದ ಕೊಂಬಿನ ತುದಿ ನಕ್ಷತ್ರ ಹುಡುಕಿ, ಅದರ ಪಕ್ಕ ಒಂದು ಡಿಗ್ರಿಯಲ್ಲಿ ಏಡಿ ನೀಹಾರಿಕೆ ಇದೆ. ತುಂಬಾ ಕತ್ತಲೆ ಇರೋ ಜಾಗದಲ್ಲಿ ಮಾತ್ರ ಬೈನಾಕ್ಯುಲರ್‌ಗೆ ಸಣ್ಣ ಮಸುಕಾಗಿ ಸಿಗುತ್ತೆ, ಸಿಗದಿದ್ರೆ ಬೇಸರ ಬೇಡ. 1054ರಲ್ಲಿ ಚೀನಾದ ಖಗೋಳಜ್ಞರು ಇಲ್ಲಿ ಹೊಸ ನಕ್ಷತ್ರ ಕಂಡು ಬರೆದಿಟ್ಟಿದಾರೆ, 23 ದಿನ ಹಗಲಲ್ಲೂ ಕಾಣ್ತಿತ್ತಂತೆ. ಈಗ ಅಲ್ಲಿ ಸೆಕೆಂಡ್‌ಗೆ 30 ಸಲ ತಿರುಗೋ ನ್ಯೂಟ್ರಾನ್ ನಕ್ಷತ್ರ ಒಂದು, ಅಂದ್ರೆ ಆ ಕುಸಿದ ನಡುಭಾಗ, ಸುತ್ತ ಹರಡ್ತಾ ಹೋಗ್ತಿರೋ ಬೂದಿ.

ಆ ಬೂದಿನೇ ಮುಂದಿನ ಮೋಡಗಳ ಧೂಳು. ಬ್ರಹ್ಮಾಂಡ ಶುರುವಾದಾಗ, 1380 ಕೋಟಿ ವರ್ಷದ ಹಿಂದೆ, ಇದ್ದಿದ್ದು ಹೈಡ್ರೋಜನ್, ಹೀಲಿಯಂ, ಎಲ್ಲೋ ಚೂರು ಲಿಥಿಯಂ. ಅದರಲ್ಲಿ ಕಲ್ಲೂ ಆಗಲ್ಲ, ನೀರೂ ಆಗಲ್ಲ. ಮಿಕ್ಕಿದ್ದೆಲ್ಲ ಬಹುಮಟ್ಟಿಗೆ ನಕ್ಷತ್ರಗಳಲ್ಲಿ ತಯಾರಾಯ್ತು ಅಂತ 1957ರಲ್ಲಿ ಮಾರ್ಗರೆಟ್ ಮತ್ತು ಜೆಫ್ರಿ ಬರ್ಬಿಜ್, ಫೌಲರ್, ಹಾಯ್ಲ್ ನಾಲ್ವರೂ ಸೇರಿ ವಿವರವಾಗಿ ತೋರಿಸಿದ್ರು. ನಿಮ್ಮ ಮೈತೂಕದಲ್ಲಿ ನೂರಕ್ಕೆ 65 ಭಾಗ ಆಮ್ಲಜನಕ, ಅದು ಆರ್ದ್ರೆಯಂಥ ಭಾರೀ ನಕ್ಷತ್ರಗಳ ಕೊಡುಗೆ. 18 ಭಾಗ ಇಂಗಾಲ, ಅದರಲ್ಲಿ ದೊಡ್ಡ ಪಾಲು ಮುಪ್ಪಲ್ಲಿ ಉಬ್ಬಿದ ಸೂರ್ಯನಂಥವುಗಳಿಂದ ಮೆಲ್ಲಗೆ ಹೊರಗೆ ಊದಿ ಬಂದಿದ್ದು. ರಕ್ತದ ಕಬ್ಬಿಣದಲ್ಲಿ ಶ್ವೇತಕುಬ್ಜಗಳ ಸಿಡಿತದ ಪಾಲು ದೊಡ್ಡದು. ಚಿನ್ನ ಎಲ್ಲಿಂದ ಅನ್ನೋದಕ್ಕೆ 2017ರ ಆಗಸ್ಟ್ 17ರಂದು ಉತ್ತರ ಸಿಕ್ತು, ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿ ಹೊಡೆದಿದ್ದು ಗುರುತ್ವದ ಅಲೆಯಲ್ಲೂ ಬೆಳಕಲ್ಲೂ ಒಟ್ಟಿಗೆ ಸಿಕ್ಕಿ, ಅಲ್ಲಿ ಇಂಥ ಭಾರದ ಧಾತುಗಳು ಆಗಿದ್ದು ಕಂಡಿತು.

ಎರಡನೇ ರಾತ್ರಿ, ಚಂದ್ರ ಮತ್ತು ಗುರು

ಈಗ ಅರ್ಧ ಚಂದ್ರ ಇರೋ ರಾತ್ರಿ. ಬೈನಾಕ್ಯುಲರ್‌ನಲ್ಲಿ ಬೆಳಕು ಕತ್ತಲು ಸೇರೋ ಗೆರೆ ಮೇಲೇ ನೋಡಿ, ಅಲ್ಲಿ ನೆರಳು ಉದ್ದ ಇರೋದ್ರಿಂದ ಕುಳಿಗಳು ಎದ್ದು ಕಾಣ್ತವೆ. ಒಂದೊಂದು ಕುಳೀನೂ ಒಂದೊಂದು ಡಿಕ್ಕಿ, ಗ್ರಹ ಕಟ್ಟೋ ಕಾಲದ ಗದ್ದಲದ ಗುರುತು. ಭೂಮಿಗೂ ಹೀಗೇ ಬಿದ್ದಿದ್ವು, ಇಲ್ಲಿ ಮಳೆ ಗಾಳಿ ಅಳಿಸಿಬಿಟ್ವು, ಅಲ್ಲಿ ಹಾಗೇ ಉಳಿದ್ವು.

ಚಂದ್ರಗಳು ಹುಟ್ಟೋಕೆ ಮೂರು ದಾರಿ ಇವೆ. ಗ್ರಹದ ಸುತ್ತಲೇ ಸಣ್ಣ ತಟ್ಟೆ ಆಗಿ ಅದರಲ್ಲಿ ಕಟ್ಟಿಕೊಳ್ಳೋದು ಒಂದು, ಹೋಗ್ತಾ ಇದ್ದವನನ್ನ ಗ್ರಹ ಹಿಡಿದಿಟ್ಕೊಳ್ಳೋದು ಇನ್ನೊಂದು, ನೆಪ್ಚೂನ್‌ನ ಟ್ರೈಟನ್ ಉಲ್ಟಾ ದಿಕ್ಕಿಗೆ ಸುತ್ತೋದು ಅದಕ್ಕೇ. ನಮ್ಮ ಚಂದ್ರನದು ಮೂರನೇ ದಾರಿ, ಡಿಕ್ಕಿ. ಸುಮಾರು 450 ಕೋಟಿ ವರ್ಷದ ಹಿಂದೆ ಮಂಗಳದಷ್ಟು ದೊಡ್ಡ ಒಂದು ಗ್ರಹ ಎಳೆ ಭೂಮಿಗೆ ಬಂದು ಅಪ್ಪಳಿಸಿ, ಚಿಮ್ಮಿದ ಕರಗಿದ ಕಲ್ಲು ಒಟ್ಟುಗೂಡಿ ಚಂದ್ರ ಆಯ್ತು ಅನ್ನೋದು ಈಗ ಹೆಚ್ಚು ಒಪ್ಪಿತವಾದ ವಿವರಣೆ. ಅಪೋಲೋ ಯಾತ್ರಿಗಳು 1969ರಿಂದ 1972ರೊಳಗೆ ತಂದ 382 ಕಿಲೋ ಕಲ್ಲು ಮಣ್ಣು ಇದಕ್ಕೆ ಆಧಾರ, ಅದರ ಆಮ್ಲಜನಕದ ಗುರುತು ಭೂಮಿಯದ್ದಕ್ಕೆ ಬಹುತೇಕ ಹೊಂದುತ್ತೆ, ಕಬ್ಬಿಣದ ತಿರುಳು ಮಾತ್ರ ಚಂದ್ರನಲ್ಲಿ ತೀರಾ ಚಿಕ್ಕದು, ಅಂದ್ರೆ ಹೊರಗಿನ ಕಲ್ಲಿಂದ ಆದವನು.

ಇವನಿಂದ ನಮಗೇನು ಸಿಕ್ತು ಅಂದ್ರೆ, ಉಬ್ಬರವಿಳಿತ ಸಿಕ್ತು, ಭೂಮಿ ತಿರುಗೋ ವೇಗ ನಿಧಾನ ಆಯ್ತು. 40 ಕೋಟಿ ವರ್ಷ ಹಳೇ ಹವಳದ ಪಳೆಯುಳಿಕೆಗಳಲ್ಲಿ ದಿನದ ಗೆರೆ ಎಣಿಸಿ ಆಗ ವರ್ಷಕ್ಕೆ ಸುಮಾರು 400 ದಿನ ಇತ್ತು ಅಂತ 1963ರಲ್ಲಿ ಜಾನ್ ವೆಲ್ಸ್ ತೋರಿಸಿದ್ರು. ಚಂದ್ರ ಈಗಲೂ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗ್ತಿದಾನೆ. ಜೊತೆಗೆ ಭೂಮಿಯ ವಾಲಿಕೆ 23.4 ಡಿಗ್ರಿ ಆಸುಪಾಸಲ್ಲೇ ಉಳಿಯೋ ಹಾಗೆ ಹಿಡ್ಕೊಂಡಿದಾನೆ, ಅಂಥ ದೊಡ್ಡ ಚಂದ್ರ ಇಲ್ಲದ ಮಂಗಳ ಕಾಲಕಾಲಕ್ಕೆ ವಿಪರೀತ ವಾಲಾಡುತ್ತೆ. ಚಂದ್ರ ಇಲ್ದಿದ್ರೆ ಜೀವವೇ ಇರ್ತಿರ್ಲಿಲ್ಲ ಅಂತ ಕೆಲವರು ಹೇಳ್ತಾರೆ, ನನ್ನ ಪ್ರಕಾರ ಅದು ಅತಿಯಾಯ್ತು, ಋತುಗಳು ಹದವಾಗಿ ಉಳಿದ್ವು ಅನ್ನೋವರೆಗೆ ಹೇಳಿದ್ರೆ ಸರಿ.

ಜೀವಕ್ಕೆ ಬೇಕಾಗಿದ್ದು ಮುಖ್ಯವಾಗಿ ನಾಲ್ಕು: ದ್ರವವಾಗಿ ಉಳಿಯೋ ನೀರು, ಇಂಗಾಲದ ಸಾಮಾನು, ಶಕ್ತಿ, ಮತ್ತೆ ಸಮಯ. ಸಮಯದ ಮಾತು ಹೆಚ್ಚು ಜನ ಮರೀತಾರೆ. ಭೂಮಿಯಲ್ಲಿ ಜೀವದ ಗಟ್ಟಿ ಗುರುತು ಸುಮಾರು 350 ಕೋಟಿ ವರ್ಷ ಹಳೇದು, ಗಾಳೀಲಿ ಆಮ್ಲಜನಕ ಏರಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ, ಅಲ್ಲಿವರೆಗೂ ಸೂಕ್ಷ್ಮಜೀವಿಗಳದ್ದೇ ರಾಜ್ಯ. ಮೊನ್ನೆ ನೋಡಿದ ಆರ್ದ್ರೆಯ ಸುತ್ತ ಗ್ರಹ ಇದ್ದಿದ್ರೂ ಒಂದು ಕೋಟಿ ವರ್ಷದಲ್ಲಿ ಆಟ ಮುಗೀತಿತ್ತು. ಸೂರ್ಯ ಅಷ್ಟು ಭಾರ ಇಲ್ಲದೆ ನಿಧಾನಕ್ಕೆ ಉರಿಯೋದೇ ನಮ್ಮ ಪುಣ್ಯ. ನೀರಿನ ಲೆಕ್ಕವೂ ಸೂಕ್ಷ್ಮ. ಶುಕ್ರ ಗಾತ್ರದಲ್ಲಿ ಭೂಮಿಯ ಜೋಡಿಯಂತಿದ್ರೂ ಇಂಗಾಲದ ಡೈಆಕ್ಸೈಡ್‌ನ ಹೊದಿಕೆಯಿಂದ 465 ಡಿಗ್ರಿ ಕಾದಿದೆ. ಮಂಗಳ ಚಿಕ್ಕದು, ಬೇಗ ತಣ್ಣಗಾಗಿ ಕಾಂತಕ್ಷೇತ್ರ ಕಳ್ಕೊಂಡು, ಗಾಳೀನೂ ಬಹುಪಾಲು ಕಳ್ಕೊಂಡಿತು. ಇನ್ನು ಇಂಗಾಲದ ಸಾಮಾನು ಮೇಲಿಂದ ಬೀಳ್ತಾನೇ ಇದೆ, 2023ರಲ್ಲಿ ಬೆನ್ನು ಕ್ಷುದ್ರಗ್ರಹದಿಂದ ನಾಸಾ ತಂದ 121.6 ಗ್ರಾಂ ಮಣ್ಣಲ್ಲಿ ಜೀವಿಗಳು ಬಳಸೋ 20 ಅಮೈನೋ ಆಮ್ಲಗಳಲ್ಲಿ 14 ಸಿಕ್ಕಿದ್ವು, ಡಿಎನ್‌ಎ ಆರ್‌ಎನ್‌ಎ ಅಕ್ಷರಗಳು ಐದೂ ಸಿಕ್ಕಿದ್ವು. ಸಾಮಾನು ಸಿಕ್ಕಿದೆ ಅಂದ್ರೆ ಜೀವ ಸಿಕ್ತು ಅಂತ ಅಲ್ಲ, ಇಟ್ಟಿಗೆ ರಾಶಿ ಬೇರೆ, ಮನೆ ಬೇರೆ.

ಶಕ್ತಿ ಮಾತ್ರ ಸೂರ್ಯನಿಂದಲೇ ಬರಬೇಕು ಅಂತಿಲ್ಲ, ಅದನ್ನ ತೋರಿಸೋಕೆ ಗುರು ಬೇಕು. ಯಾವುದಾದ್ರೂ ಆಕಾಶದ ಆಪ್‌ನಲ್ಲಿ ಅವನೆಲ್ಲಿದಾನೆ ಅಂತ ನೋಡ್ಕೊಳ್ಳಿ, ಆವತ್ತು ಇಲ್ದಿದ್ರೆ ಕಾಯಿರಿ, 13 ತಿಂಗಳಿಗೊಮ್ಮೆ ರಾತ್ರಿಯಿಡೀ ಕಾಣೋ ಹಾಗೆ ಬರ್ತಾನೆ. ಬೈನಾಕ್ಯುಲರ್ ಅಲ್ಲಾಡದ ಹಾಗೆ ಊರಿ ಹಿಡಿದ್ರೆ ಅವನ ಅಕ್ಕಪಕ್ಕ ಒಂದೇ ಗೆರೆಯಲ್ಲಿ ನಾಲ್ಕು ಚುಕ್ಕಿ, ಕೆಲವು ಸಲ ಮೂರೋ ಎರಡೋ. 1610ರ ಜನವರಿಯಲ್ಲಿ ಗೆಲಿಲಿಯೋ ನೋಡಿದ್ದು ಇವನ್ನೇ. ಇವು ಗುರುವಿನ ಸುತ್ತಲಿದ್ದ ಸಣ್ಣ ತಟ್ಟೆಯಲ್ಲಿ ಹುಟ್ಟಿದ್ವು, ಸೌರಮಂಡಲದ ಮರಿ ನಕಲು ಅನ್ನಬಹುದು, ಹತ್ತಿರದ ಐಯೋ ಪೂರ್ತಿ ಕಲ್ಲು, ಯೂರೋಪಾ ಕಲ್ಲಿನ ಮೇಲೆ ಮಂಜು, ಗ್ಯಾನಿಮೀಡ್ ಕ್ಯಾಲಿಸ್ಟೋಗಳಲ್ಲಿ ಮಂಜಿನ ಪಾಲು ಇನ್ನೂ ಹೆಚ್ಚು. ಐಯೋ ನಾಲ್ಕು ಸುತ್ತು ಹಾಕೋಷ್ಟರಲ್ಲಿ ಯೂರೋಪಾ ಎರಡು, ಗ್ಯಾನಿಮೀಡ್ ಒಂದು, ಈ ತಾಳ ತಪ್ಪದೆ ನಡೆಯೋದ್ರಿಂದ ಗುರುವಿನ ಎಳೆತ ಅವನ್ನ ಹಿಟ್ಟು ನಾದಿದ ಹಾಗೆ ನಾದುತ್ತೆ, ಒಳಗೆ ಬಿಸಿ ಹುಟ್ಟುತ್ತೆ. 1979ರಲ್ಲಿ ಮೂವರು ವಿಜ್ಞಾನಿಗಳು ಹೀಗಾದ್ರೆ ಐಯೋ ಒಳಗೆ ಕರಗಿರಬೇಕು ಅಂತ ಬರೆದು ಕೆಲವೇ ದಿನಕ್ಕೆ ವಾಯೇಜರ್ 1 ನೌಕೆ ಅಲ್ಲಿ ಜ್ವಾಲಾಮುಖಿ ಸಿಡೀತಿರೋದನ್ನ ಕಂಡಿತು. ಅದೇ ಬಿಸಿ ಯೂರೋಪಾದ ಮಂಜಿನ ಕೆಳಗೆ ಸಮುದ್ರ ಹೆಪ್ಪುಗಟ್ಟದ ಹಾಗೆ ಕಾದಿಟ್ಟಿದೆ, ಭೂಮಿಯ ಸಮುದ್ರಗಳೆಲ್ಲ ಸೇರಿದ್ದರ ಎರಡು ಪಟ್ಟು ನೀರು ಅಲ್ಲಿದೆ ಅಂತ ಅಂದಾಜು. ಯೂರೋಪಾ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್ 14ಕ್ಕೆ ಹೊರಟಿದೆ, 2030ಕ್ಕೆ ಗುರುವಿನ ಹತ್ರ ಸೇರಬೇಕು.

ಆ ನಾಲ್ಕರಲ್ಲಿ ಯೂರೋಪಾ ಯಾವುದು ಅಂತ ಆಪ್ ಕೇಳೋ ಬದಲು ನೀವೇ ಹುಡುಕಿ. ಒಂದು ನೋಟ್‌ಬುಕ್‌ನಲ್ಲಿ ಗುರುವಿಗೆ ಒಂದು ಸೊನ್ನೆ ಬರೆದು, ಚುಕ್ಕಿಗಳು ಎಷ್ಟು ದೂರ, ಯಾವ ಕಡೆ ಅಂತ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಗಂಟೆ ಬರೀರಿ. ಮೋಡ ಇಲ್ಲದ ರಾತ್ರಿಯೆಲ್ಲಾ ಒಂದೇ ಹೊತ್ತಿಗೆ, ಎರಡು ವಾರ. ಐಯೋ ಒಂದು ದಿನ 18 ಗಂಟೆಗೆ ಸುತ್ತಿ ಬರುತ್ತೆ, ಅದು ಗುರುವಿಗೆ ಅಂಟಿಕೊಂಡೇ ಇರೋದ್ರಿಂದ ಬೈನಾಕ್ಯುಲರ್‌ಗೆ ಎಷ್ಟೋ ದಿನ ತಪ್ಪಿಸ್ಕೊಳ್ಳುತ್ತೆ. ಅತಿ ದೂರ ಹೋಗಿ ಬರೋದು ಕ್ಯಾಲಿಸ್ಟೋ, ವಾರಕ್ಕೊಮ್ಮೆ ಅದೇ ಜಾಗಕ್ಕೆ ಬರೋದು ಗ್ಯಾನಿಮೀಡ್. ಇವತ್ತು ಗುರುವಿನ ಒಂದು ಕಡೆ ಹತ್ತಿರದಲ್ಲಿದ್ದು, ನಾಳಿದ್ದು ಇನ್ನೊಂದು ಕಡೆಗೆ ದಾಟಿ, ಮೂರು ದಿನ 13 ಗಂಟೆಗೆ ಮತ್ತೆ ಹಳೇ ಜಾಗಕ್ಕೇ ಬರೋ ಚುಕ್ಕಿ ಇದ್ಯಲ್ಲ, ಸಮುದ್ರ ಇರೋದು ಅದರಲ್ಲಿ.